ಹಳೆಯ ಕಾರ್ಬ್ಯುರೇಟರ್ ಜೀಪು, ಪಿಕಪ್ ಹಾಗೂ ವ್ಯಾನ್‌ಗಳಲ್ಲಿ ತಣ್ಣನೆಯ ಎಂಜಿನ್ ತಡವರಿಸುವುದು: ಕಾರಣ, ಪತ್ತೆ ಮತ್ತು ಪರಿಹಾರ

(ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ನೋಂದಣಿ ನವೀಕರಣ, ಅರ್ಹತಾ ಪತ್ರ ಹಾಗೂ ಹೊಗೆ ತಪಾಸಣೆ ಪ್ರಮಾಣಪತ್ರಕ್ಕಾಗಿ ಬರುವ ವಾಹನಗಳಲ್ಲಿ ಕಾರ್ಬ್ಯುರೇಟರ್ ಹೊಂದಿರುವ ಹಳೆಯ ಪೆಟ್ರೋಲ್ ವಾಹನಗಳೂ ಇರುತ್ತವೆ. ಮಲೆನಾಡು ಹಾಗೂ ಕೊಡಗಿನ ತೋಟಗಳಲ್ಲಿ ಹಳೆಯ ಪೆಟ್ರೋಲ್ ಜೀಪುಗಳು, ಪಟ್ಟಣಗಳಲ್ಲಿ ಸಣ್ಣ ವ್ಯಾನ್‌ಗಳು ಮತ್ತು ಪಿಕಪ್‌ಗಳು ಈ ವರ್ಗಕ್ಕೆ ಸೇರಿವೆ. ಬೆಳಗಿನ ಹೊತ್ತು ಎಂಜಿನ್ ಚಾಲೂ ಆದರೂ ಆಕ್ಸಿಲರೇಟರ್ ತುಳಿದ ಕೂಡಲೇ ಉಸಿರು ಕಟ್ಟಿದಂತೆ ತಡವರಿಸುವುದು, ಮುಗ್ಗರಿಸುವುದು ಅಥವಾ ನಿಂತುಹೋಗುವುದು ಇಂತಹ ವಾಹನಗಳ ಸಾಮಾನ್ಯ ದೋಷವಾಗಿದೆ.

ಸದರಿ ದೋಷವನ್ನು ಅನೇಕರು ವಯಸ್ಸಾದ ವಾಹನದ ಸ್ವಭಾವವೆಂದು ಭಾವಿಸಿ ಕಡೆಗಣಿಸುತ್ತಾರೆ. ಇನ್ನು ಕೆಲವರು ಪೆಟ್ರೋಲಿನ ಪ್ರಮಾಣವನ್ನು ಹೆಚ್ಚಿಸಿ ದೋಷವನ್ನು ಮುಚ್ಚಿಡುತ್ತಾರೆ. ಎರಡೂ ಸರಿಯಲ್ಲ. ಮೊದಲನೆಯದರಿಂದ ಘಾಟಿ ರಸ್ತೆಯ ತಿರುವಿನಲ್ಲಿ ಅಥವಾ ಹೆದ್ದಾರಿಯನ್ನು ದಾಟುವಾಗ ವಾಹನವು ನಡುರಸ್ತೆಯಲ್ಲಿ ನಿಲ್ಲುವ ಅಪಾಯವಿದೆ. ಎರಡನೆಯದರಿಂದ ವಾಹನವು ಹೊಗೆ ತಪಾಸಣೆಯಲ್ಲಿ ಅನುತ್ತೀರ್ಣವಾಗಿ, ನವೀಕರಣದ ಅರ್ಜಿ ಬಾಕಿ ಉಳಿಯುತ್ತದೆ. ಸಾಮಾನ್ಯವಾಗಿ ಈ ದೋಷದ ಮೂಲವು ಒಂದು ತಂತಿ, ಒಂದು ಗ್ಯಾಸ್ಕೆಟ್ ಅಥವಾ ಒಂದು ಸಣ್ಣ ರಬ್ಬರ್ ಪದರದಲ್ಲಿರುತ್ತದೆ. ಕ್ರಮವಾಗಿ ಪರೀಕ್ಷಿಸಿದಲ್ಲಿ ಕಡಿಮೆ ವೆಚ್ಚದಲ್ಲಿ ಸರಿಪಡಿಸಬಹುದು. ಆ ಕ್ರಮವನ್ನು ತಿಳಿಸುವುದೇ ಈ ಪುಟದ ಉದ್ದೇಶವಾಗಿದೆ.

2. ಯಾವ ವಾಹನಗಳಿಗೆ ಅನ್ವಯ

ಈ ಮಾಹಿತಿಯು ಕಾರ್ಬ್ಯುರೇಟರ್ ಅಳವಡಿಸಿರುವ ಪೆಟ್ರೋಲ್ ವಾಹನಗಳಿಗೆ ಮಾತ್ರ ಅನ್ವಯಿಸುತ್ತದೆ. ನಮ್ಮ ದೇಶದ ಪೆಟ್ರೋಲ್ ಕಾರು ಹಾಗೂ ವ್ಯಾನ್‌ಗಳಲ್ಲಿ 2000ನೇ ಇಸವಿಯ ಆಸುಪಾಸಿನಲ್ಲಿ ಕಾರ್ಬ್ಯುರೇಟರ್ ಬದಲಿಗೆ ಇಂಧನ ಇಂಜೆಕ್ಷನ್ ವ್ಯವಸ್ಥೆಯು ವ್ಯಾಪಕವಾಗಿ ಬಂದಿತು. ಡ್ಯಾಶ್‌ಬೋರ್ಡ್‌ನಲ್ಲಿ ಎಳೆಯುವ ಚೋಕ್ ಗುಂಡಿ ಇದ್ದಲ್ಲಿ, ಅಥವಾ ಏರ್ ಕ್ಲೀನರ್ ಕೆಳಗೆ ತಟ್ಟೆಯಂತಹ ಕವಾಟವುಳ್ಳ ಕಾರ್ಬ್ಯುರೇಟರ್ ಕಂಡುಬಂದಲ್ಲಿ, ವಾಹನವು ಈ ವರ್ಗಕ್ಕೆ ಸೇರಿದೆಯೆಂದು ತಿಳಿಯಬಹುದು. ಡೀಸೆಲ್ ಲಾರಿ, ಡೀಸೆಲ್ ಜೀಪು ಹಾಗೂ ಇಂಜೆಕ್ಷನ್ ವಾಹನಗಳಿಗೆ ಈ ಕ್ರಮವು ಅನ್ವಯಿಸುವುದಿಲ್ಲ.

3. ತಡವರಿಕೆ ಏಕೆ ಉಂಟಾಗುತ್ತದೆ

ಪೆಟ್ರೋಲ್ ದ್ರವರೂಪದಲ್ಲಿ ಸರಿಯಾಗಿ ಉರಿಯುವುದಿಲ್ಲ. ಅದು ಆವಿಯಾಗಿ ಗಾಳಿಯೊಡನೆ ಬೆರೆಯಬೇಕು. ತೂಕದ ಲೆಕ್ಕದಲ್ಲಿ ಸುಮಾರು 14.7 ಭಾಗ ಗಾಳಿಗೆ 1 ಭಾಗ ಪೆಟ್ರೋಲ್ ಇದ್ದಾಗ ದಹನವು ಪೂರ್ಣವಾಗುತ್ತದೆ. ಎಂಜಿನ್ ತಣ್ಣಗಿರುವಾಗ ಕಾರ್ಬ್ಯುರೇಟರ್ ಕಳುಹಿಸಿದ ಪೆಟ್ರೋಲಿನ ಒಂದು ಭಾಗವು ಇನ್‌ಟೇಕ್ ಮ್ಯಾನಿಫೋಲ್ಡ್‌ನ ಒಳಗೋಡೆಗೆ ಹನಿಯಾಗಿ ಅಂಟಿಕೊಳ್ಳುತ್ತದೆ. ಸಿಲಿಂಡರ್ ತಲುಪುವ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗುತ್ತದೆ. ಈ ಕೊರತೆಯನ್ನು ತುಂಬಲು ಚೋಕ್ ಇದೆ. ಅದು ಗಾಳಿಯ ದಾರಿಯನ್ನು ಕಿರಿದುಗೊಳಿಸಿ ಹೆಚ್ಚು ಪೆಟ್ರೋಲನ್ನು ಎಳೆದುಕೊಡುತ್ತದೆ.

ಆಕ್ಸಿಲರೇಟರನ್ನು ಥಟ್ಟನೆ ತುಳಿದಾಗ ಇನ್ನೊಂದು ಕೊರತೆ ಉಂಟಾಗುತ್ತದೆ. ಗಾಳಿ ಹಗುರವಾದುದರಿಂದ ಕೂಡಲೇ ನುಗ್ಗುತ್ತದೆ. ಪೆಟ್ರೋಲ್ ಭಾರವಾದುದರಿಂದ ಕ್ಷಣಕಾಲ ಹಿಂದೆ ಉಳಿಯುತ್ತದೆ. ಈ ಕ್ಷಣವನ್ನು ತುಂಬಲು ಕಾರ್ಬ್ಯುರೇಟರ್‌ನೊಳಗೆ ಆಕ್ಸಿಲರೇಟರ್ ಪಂಪ್ ಎಂಬ ಪುಟ್ಟ ಪಂಪ್ ಇದ್ದು, ಅದು ಪೆಡಲ್ ಒತ್ತಿದಾಗಲೆಲ್ಲ ಒಂದು ಚಿಮ್ಮು ಪೆಟ್ರೋಲನ್ನು ನೇರವಾಗಿ ಗಾಳಿಯ ದಾರಿಗೆ ಸಿಂಪಡಿಸುತ್ತದೆ. ಎಂಜಿನ್ ಬಿಸಿಯಾಗಿರುವಾಗ ಈ ಪಂಪ್ ಸ್ವಲ್ಪ ದುರ್ಬಲವಾಗಿದ್ದರೂ ಗೊತ್ತಾಗುವುದಿಲ್ಲ. ತಣ್ಣಗಿರುವಾಗ ಮಾತ್ರ ಅದರ ದೌರ್ಬಲ್ಯವು ಬಯಲಾಗುತ್ತದೆ. ಆದುದರಿಂದಲೇ ಬೆಳಿಗ್ಗೆ ತಡವರಿಸುವ ವಾಹನವು ಮಧ್ಯಾಹ್ನ ಗ್ಯಾರೇಜಿಗೆ ಒಯ್ದಾಗ ಸರಿಯಾಗಿಯೇ ಓಡುತ್ತದೆ.

ಎಥನಾಲ್ ಮಿಶ್ರಿತ ಪೆಟ್ರೋಲಿನ ಪ್ರಭಾವವನ್ನೂ ಇಲ್ಲಿ ಗಮನಿಸಬೇಕು. 2025ರಿಂದ ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ದೇಶದಾದ್ಯಂತ ವಿತರಣೆಯಲ್ಲಿದೆ. ಎಥನಾಲ್ ಪೂರ್ಣವಾಗಿ ಉರಿಯಲು ಸುಮಾರು 9 ಭಾಗ ಗಾಳಿ ಸಾಕು. ಹಳೆಯ ಕಾರ್ಬ್ಯುರೇಟರ್‌ನ ಜೆಟ್‌ಗಳು ಶುದ್ಧ ಪೆಟ್ರೋಲಿಗೆ ಹೊಂದಿಸಿದವುಗಳಾದ್ದರಿಂದ ಮಿಶ್ರಣವು ಸ್ವಲ್ಪ ತೆಳುವಾಗುತ್ತದೆ. ಎಥನಾಲ್ ಆವಿಯಾಗಲು ಹೆಚ್ಚು ಶಾಖ ಬೇಕಾಗುವುದರಿಂದ ಚಳಿಯಲ್ಲಿ ಈ ಕೊರತೆ ಇನ್ನಷ್ಟು ಎದ್ದು ಕಾಣುತ್ತದೆ. ಹಳೆಯ ಕಾಲದ ರಬ್ಬರ್ ಕೊಳವೆ ಮತ್ತು ಪದರಗಳು ಇದರಿಂದ ಊದಿಕೊಳ್ಳುವ ಅಥವಾ ಬಿರುಕು ಬಿಡುವ ಸಂಭವವೂ ಇದೆ.

4. ಮೊದಲು ಲಕ್ಷಣವನ್ನು ಗುರುತಿಸಿಕೊಳ್ಳುವುದು

ರಿಪೇರಿಗೆ ಮುನ್ನ ವಾಹನ ಮಾಲೀಕರು ಒಂದೆರಡು ದಿನ ಬೆಳಗಿನ ವರ್ತನೆಯನ್ನು ಗಮನಿಸಿ ಬರೆದಿಟ್ಟುಕೊಳ್ಳುವುದು ಸೂಕ್ತ. ಈ ಕೆಳಕಂಡ ವ್ಯತ್ಯಾಸಗಳು ಮುಖ್ಯವಾಗಿವೆ:

ಅ) ಸೆಲ್ಫ್ ಬಹಳ ಹೊತ್ತು ತಿರುಗಿದ ನಂತರ ಚಾಲೂ ಆಗಿ, ಆಮೇಲೆ ಸರಿಯಾಗಿ ಓಡುತ್ತದೆ: ಫ್ಲೋಟ್ ಬೌಲ್‌ನ ಪೆಟ್ರೋಲ್ ರಾತ್ರಿಯಲ್ಲಿ ಖಾಲಿಯಾಗುತ್ತಿರಬಹುದು, ಅಥವಾ ಬ್ಯಾಟರಿ ದುರ್ಬಲವಾಗಿರಬಹುದು. ಇದು ತಡವರಿಕೆಯ ದೋಷವಲ್ಲ.

ಆ) ಬೇಗ ಚಾಲೂ ಆಗುತ್ತದೆ, ಪೆಡಲ್ ತುಳಿದ ಕೂಡಲೇ ಒಂದು ಕ್ಷಣ ಸತ್ತಂತಾಗಿ ನಂತರ ಎತ್ತಿಕೊಳ್ಳುತ್ತದೆ: ಆಕ್ಸಿಲರೇಟರ್ ಪಂಪ್ ಅಥವಾ ಚೋಕ್ ಹೊಂದಾಣಿಕೆಯನ್ನು ಮೊದಲು ನೋಡತಕ್ಕದ್ದು.

ಇ) ಐಡ್ಲಿಂಗ್‌ನಲ್ಲಿಯೇ ನಡುಗುತ್ತದೆ, ಚೋಕ್ ಒಳಗೆ ತಳ್ಳಿದರೆ ನಿಲ್ಲುತ್ತದೆ: ಗಾಳಿ ಸೋರಿಕೆ ಅಥವಾ ಐಡಲ್ ಜೆಟ್ ಕಟ್ಟಿಕೊಂಡಿರುವುದು.

ಈ) ಕಾರ್ಬ್ಯುರೇಟರ್ ಮೂಲಕ ಹಿಂದಕ್ಕೆ ಸಿಡಿಯುತ್ತದೆ: ಮಿಶ್ರಣ ತೆಳುವಾಗಿರುವುದು, ಅಥವಾ ಇಗ್ನಿಷನ್ ಟೈಮಿಂಗ್ ತಪ್ಪಿರುವುದು.

ಉ) ಕಪ್ಪು ಹೊಗೆ, ಪೆಟ್ರೋಲ್ ವಾಸನೆ, ಪ್ಲಗ್ ಕಪ್ಪಾಗಿ ಒದ್ದೆಯಾಗಿರುವುದು: ಪೆಟ್ರೋಲ್ ಹೆಚ್ಚಾಗಿದೆ. ಚೋಕ್ ಪೂರ್ತಿ ತೆರೆಯುತ್ತಿಲ್ಲ, ಅಥವಾ ಫ್ಲೋಟ್ ಮಟ್ಟ ಏರಿದೆ.

ಊ) ಮಂಜು ಅಥವಾ ಮಳೆ ಇರುವ ಬೆಳಿಗ್ಗೆ ಮಾತ್ರ ತೊಂದರೆ: ಡಿಸ್ಟ್ರಿಬ್ಯೂಟರ್ ಕ್ಯಾಪ್ ಮತ್ತು ಪ್ಲಗ್ ವೈರುಗಳಲ್ಲಿ ತೇವಾಂಶ.

ಒಂದು ಸರಳ ಪರೀಕ್ಷೆ ಇದೆ. ತಡವರಿಸುವ ಸ್ಥಿತಿಯಲ್ಲಿ ಚೋಕನ್ನು ಸ್ವಲ್ಪ ಹೊರಗೆಳೆದಾಗ ಎಂಜಿನ್ ಸುಧಾರಿಸಿದರೆ ಮಿಶ್ರಣ ತೆಳುವಾಗಿದೆ ಎಂದು ಅರ್ಥ. ಇನ್ನಷ್ಟು ಹದಗೆಟ್ಟರೆ ಪೆಟ್ರೋಲ್ ಹೆಚ್ಚಾಗಿದೆ ಎಂದು ಅರ್ಥ. ಏನೂ ವ್ಯತ್ಯಾಸವಾಗದಿದ್ದಲ್ಲಿ ಇಗ್ನಿಷನ್ ಕಡೆಗೆ ಗಮನ ಹರಿಸತಕ್ಕದ್ದು.

5. ಸುರಕ್ಷತಾ ಸೂಚನೆಗಳು

(1) ತಪಾಸಣೆಯನ್ನು ಬಯಲಿನಲ್ಲಿ ಅಥವಾ ಬಾಗಿಲು ತೆರೆದ ಸ್ಥಳದಲ್ಲಿ ಮಾಡತಕ್ಕದ್ದು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಚಾಲೂ ಇಟ್ಟರೆ ಕಾರ್ಬನ್ ಮಾನಾಕ್ಸೈಡ್ ಅನಿಲದಿಂದ ಪ್ರಾಣಾಪಾಯವಿದೆ. ಈ ಅನಿಲಕ್ಕೆ ಬಣ್ಣವಾಗಲೀ ವಾಸನೆಯಾಗಲೀ ಇಲ್ಲ.

(2) ಬೀಡಿ, ಸಿಗರೇಟು, ದೀಪ ಇತ್ಯಾದಿಗಳನ್ನು ದೂರವಿಡತಕ್ಕದ್ದು.

(3) ಏರ್ ಕ್ಲೀನರ್ ತೆಗೆದು ಕಾರ್ಬ್ಯುರೇಟರ್ ಬಾಯಿಗೆ ಪೆಟ್ರೋಲ್ ಸುರಿದು ಚಾಲೂ ಮಾಡುವ ರೂಢಿಯನ್ನು ಕಡ್ಡಾಯವಾಗಿ ಬಿಡತಕ್ಕದ್ದು. ಎಂಜಿನ್ ಹಿಂದಕ್ಕೆ ಸಿಡಿದಲ್ಲಿ ಸುರಿಯುತ್ತಿರುವವರ ಮುಖ ಮತ್ತು ಕೈಗೆ ಬೆಂಕಿ ತಗಲುತ್ತದೆ.

(4) ಹ್ಯಾಂಡ್ ಬ್ರೇಕ್ ಹಾಕಿ, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಚಕ್ರಗಳಿಗೆ ಅಡ್ಡ ಕಲ್ಲು ಕೊಡತಕ್ಕದ್ದು.

6. ತಪಾಸಣೆಯ ಕ್ರಮ

ಖರ್ಚಿಲ್ಲದ ತಪಾಸಣೆ ಮೊದಲು, ಖರ್ಚಿನದು ನಂತರ ಎಂಬ ನಿಯಮವನ್ನು ಅನುಸರಿಸುವುದು ಸೂಕ್ತ. ಒಂದು ಬಾರಿಗೆ ಒಂದನ್ನು ಮಾತ್ರ ಬದಲಾಯಿಸಿ ಫಲಿತಾಂಶವನ್ನು ನೋಡತಕ್ಕದ್ದು. ಒಟ್ಟಿಗೆ ನಾಲ್ಕು ಕಡೆ ತಿರುಗಿಸಿದಲ್ಲಿ ಯಾವುದರಿಂದ ಸರಿಯಾಯಿತು, ಯಾವುದರಿಂದ ಕೆಟ್ಟಿತು ಎಂಬುದು ತಿಳಿಯುವುದಿಲ್ಲ.

6.1 ಚೋಕ್: ಎಂಜಿನ್ ಆರಿಸಿ ಏರ್ ಕ್ಲೀನರ್ ಮುಚ್ಚಳ ತೆಗೆಯಬೇಕು. ಒಬ್ಬರು ಗುಂಡಿಯನ್ನು ಪೂರ್ತಿ ಎಳೆದಾಗ ಚೋಕ್ ತಟ್ಟೆಯು ಗಾಳಿಯ ದಾರಿಯನ್ನು ಸಂಪೂರ್ಣ ಮುಚ್ಚಬೇಕು. ಪೂರ್ತಿ ಒಳಗೆ ತಳ್ಳಿದಾಗ ನೆಟ್ಟಗೆ ನಿಲ್ಲಬೇಕು. ಅರ್ಧ ಮುಚ್ಚಿದಲ್ಲಿ ಕೇಬಲ್ ಹಿಡಿದಿರುವ ಸ್ಕ್ರೂ ಜಾರಿರುತ್ತದೆ. ಕೇಬಲ್ ಸರಿಪಡಿಸಿ, ತಟ್ಟೆಯ ದಂಡಕ್ಕೆ ಅಂಟಿದ ಜಿಡ್ಡನ್ನು ಒರೆಸಬೇಕು. ಚೋಕ್ ಎಳೆದಾಗ ಥ್ರಾಟಲ್ ಸಹ ಸ್ವಲ್ಪ ತೆರೆದು ಐಡ್ಲಿಂಗ್ ವೇಗ ಹೆಚ್ಚಬೇಕು. ಈ ಕೊಂಡಿ ಕಳಚಿದ್ದರೆ ಎಂಜಿನ್ ಚಾಲೂ ಆದ ಕೂಡಲೇ ನಿಲ್ಲುತ್ತದೆ.

6.2 ಆಕ್ಸಿಲರೇಟರ್ ಪಂಪ್: ಎಂಜಿನ್ ಆರಿದ್ದು ತಣ್ಣಗಿರುವಾಗಲೇ ಚೋಕ್ ತಟ್ಟೆಯನ್ನು ತೆರೆದು, ಮುಖವನ್ನು ದೂರವಿಟ್ಟು, ಕಾರ್ಬ್ಯುರೇಟರ್ ಬಾಯಿಯೊಳಗೆ ಟಾರ್ಚ್ ಬೆಳಕಿನಲ್ಲಿ ನೋಡುತ್ತಾ ಥ್ರಾಟಲ್ ಸನ್ನೆಯನ್ನು ಒಮ್ಮೆ ಎಳೆಯಬೇಕು. ಎಳೆದ ಕ್ಷಣದಲ್ಲಿಯೇ ಪೆಟ್ರೋಲಿನ ಗಟ್ಟಿ ಧಾರೆ ಚಿಮ್ಮಬೇಕು. ಧಾರೆ ತಡವಾಗಿ ಬಂದರೆ, ಹನಿಹನಿಯಾಗಿ ಬಂದರೆ ಅಥವಾ ಬಾರದಿದ್ದರೆ ದೋಷ ಇಲ್ಲಿಯೇ ಇದೆ. ಪಂಪ್‌ನ ರಬ್ಬರ್ ಪದರ ಹರಿದಿರುವುದು, ಚರ್ಮದ ಬಟ್ಟಲು ಒಣಗಿರುವುದು, ಚಿಮ್ಮುವ ನಾಳ ಕಟ್ಟಿರುವುದು, ಒಳಗಿನ ಪುಟ್ಟ ಗುಂಡು ಅಂಟಿಕೊಂಡಿರುವುದು ಸಾಮಾನ್ಯ ಕಾರಣಗಳು. ಕಾರ್ಬ್ಯುರೇಟರ್ ರಿಪೇರಿ ಕಿಟ್‌ನಲ್ಲಿ ಈ ಬಿಡಿಭಾಗಗಳು ದೊರೆಯುತ್ತವೆ. ಎಥನಾಲ್ ತಾಳಿಕೊಳ್ಳುವ ರಬ್ಬರಿನ ಕಿಟ್ ಕೇಳಿ ಪಡೆಯುವುದು ಒಳಿತು. ಪರೀಕ್ಷೆಗೆ ಎರಡು ಬಾರಿ ಎಳೆದರೆ ಸಾಕು. ಹೆಚ್ಚು ಎಳೆದಲ್ಲಿ ಪ್ಲಗ್‌ಗಳು ಒದ್ದೆಯಾಗುತ್ತವೆ.

6.3 ಗಾಳಿ ಸೋರಿಕೆ: ಕಾರ್ಬ್ಯುರೇಟರ್ ಬುಡದ ಗ್ಯಾಸ್ಕೆಟ್, ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಮತ್ತು ರಬ್ಬರ್ ಕೊಳವೆಗಳಲ್ಲಿ ಬಿರುಕಿದ್ದರೆ ಅಳತೆಗೆ ಸಿಗದ ಗಾಳಿ ಒಳನುಗ್ಗುತ್ತದೆ. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಈ ಜೋಡಣೆಗಳ ಮೇಲೆ ಸಿಂಪಡಿಸುವ ಬಾಟಲಿಯಿಂದ ನೀರನ್ನು ತುಸುವೇ ಸಿಂಪಡಿಸಿ, ಶಬ್ದ ಬದಲಾಗುವುದೇ ಎಂದು ನೋಡಬಹುದು. ಪ್ಲಗ್ ವೈರುಗಳ ಮೇಲೆ ನೀರು ಬೀಳದಂತೆ ಎಚ್ಚರ ವಹಿಸತಕ್ಕದ್ದು. ಪೆಟ್ರೋಲ್ ಅಥವಾ ಸ್ಪ್ರೇ ಕ್ಲೀನರ್ ಬಳಸಿ ಈ ಪರೀಕ್ಷೆ ಮಾಡಬಾರದು. ನಟ್‌ಗಳನ್ನು ಸಮನಾಗಿ ಬಿಗಿಯಬೇಕು, ಅತಿಯಾಗಿ ಬಿಗಿದರೆ ಬುಡವೇ ಬಾಗುತ್ತದೆ. ಬ್ರೇಕ್ ಬೂಸ್ಟರ್ ಇರುವ ವಾಹನಗಳಲ್ಲಿ ಮ್ಯಾನಿಫೋಲ್ಡ್‌ನಿಂದ ಅದಕ್ಕೆ ಹೋಗುವ ಕೊಳವೆಯನ್ನು ತಪ್ಪದೇ ಪರೀಕ್ಷಿಸತಕ್ಕದ್ದು. ಈ ಕೊಳವೆ ಸೋರಿದರೆ ಎಂಜಿನ್ ತಡವರಿಸುವುದಲ್ಲದೆ ಬ್ರೇಕ್ ಪೆಡಲ್ ಸಹ ಗಟ್ಟಿಯಾಗುತ್ತದೆ.

ಮೆಕ್ಯಾನಿಕ್ ಬಳಿ ವ್ಯಾಕ್ಯೂಮ್ ಗೇಜ್ ಇದ್ದಲ್ಲಿ, ಸಮುದ್ರಮಟ್ಟದಲ್ಲಿ ಸುಸ್ಥಿತಿಯ ಎಂಜಿನ್ ಐಡ್ಲಿಂಗ್‌ನಲ್ಲಿ 17ರಿಂದ 21 ಅಂಗುಲ ಪಾದರಸದಷ್ಟು ಸ್ಥಿರವಾಗಿ ತೋರಿಸುತ್ತದೆ. ಪ್ರತಿ 1,000 ಅಡಿ ಎತ್ತರಕ್ಕೆ ಸುಮಾರು 1 ಅಂಗುಲ ಕಡಿಮೆಯಾಗುವುದು ಸಹಜ. ಸುಮಾರು 3,000 ಅಡಿ ಎತ್ತರದ ಬೆಂಗಳೂರಿನಲ್ಲಿ 3 ಅಂಗುಲ, ಅದಕ್ಕಿಂತ ಎತ್ತರದ ಮಡಿಕೇರಿಯಲ್ಲಿ ಇನ್ನೂ ಸ್ವಲ್ಪ ಕಡಿಮೆ ಬಂದರೆ ಅದನ್ನು ದೋಷವೆಂದು ಭಾವಿಸಬಾರದು.

6.4 ಇಂಧನ ಪೂರೈಕೆ: ಬಹುದಿನ ನಿಂತ ವಾಹನದಲ್ಲಿ ಹಳಸಿದ ಪೆಟ್ರೋಲನ್ನು ತೆಗೆದು ಹೊಸದನ್ನು ತುಂಬಬೇಕು. ಎಥನಾಲ್ ನೀರನ್ನು ಹೀರಿಕೊಳ್ಳುವುದರಿಂದ ಟ್ಯಾಂಕಿನ ತಳದಲ್ಲಿ ನೀರು ಸೇರಿದ ಪದರ ಉಂಟಾಗಬಹುದು. ಇಂಧನ ಫಿಲ್ಟರ್ ಬದಲಿಸಿ, ಫ್ಲೋಟ್ ಮಟ್ಟವನ್ನು ಕೈಪಿಡಿಯಲ್ಲಿರುವ ಅಳತೆಗೆ ಹೊಂದಿಸಬೇಕು. ಜೆಟ್‌ಗಳನ್ನು ಕ್ಲೀನರ್ ಮತ್ತು ಗಾಳಿಯ ಒತ್ತಡದಿಂದ ಮಾತ್ರ ಸ್ವಚ್ಛಗೊಳಿಸತಕ್ಕದ್ದು. ತಂತಿ ಅಥವಾ ಪಿನ್ನು ತೂರಿಸಿದಲ್ಲಿ ರಂಧ್ರ ದೊಡ್ಡದಾಗಿ, ನಂತರ ಯಾವ ಹೊಂದಾಣಿಕೆಯೂ ನಿಲ್ಲುವುದಿಲ್ಲ.

6.5 ಇಗ್ನಿಷನ್: ಪ್ಲಗ್‌ಗಳನ್ನು ತೆಗೆದು ಬಣ್ಣ ನೋಡಬೇಕು. ತಿಳಿಗಂದು ಬಣ್ಣವಿದ್ದರೆ ಮಿಶ್ರಣ ಸರಿ, ಬಿಳುಪಾಗಿದ್ದರೆ ತೆಳು, ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು. ಪಾಯಿಂಟ್ ಇರುವ ಹಳೆಯ ಎಂಜಿನ್‌ಗಳಲ್ಲಿ ಪ್ಲಗ್ ಅಂತರ ಸಾಮಾನ್ಯವಾಗಿ 0.7ರಿಂದ 0.8 ಮಿ.ಮೀ., ಪಾಯಿಂಟ್ ಅಂತರ 0.4ರಿಂದ 0.5 ಮಿ.ಮೀ. ಇರುತ್ತದೆ. ತಮ್ಮ ವಾಹನದ ಕೈಪಿಡಿಯಲ್ಲಿ ಬೇರೆ ಅಳತೆ ಇದ್ದಲ್ಲಿ ಅದೇ ಅಂತಿಮ. ಸುಟ್ಟ ಪಾಯಿಂಟ್, ಬಿರುಕು ಬಿಟ್ಟ ಕ್ಯಾಪ್, ಹಳೆಯ ವೈರುಗಳನ್ನು ಬದಲಿಸಬೇಕು. ಟೈಮಿಂಗನ್ನು ಟೈಮಿಂಗ್ ಲೈಟ್‌ನಿಂದ ಪರೀಕ್ಷಿಸಬೇಕು. ಡಿಸ್ಟ್ರಿಬ್ಯೂಟರ್‌ಗೆ ಅಂಟಿದ ವ್ಯಾಕ್ಯೂಮ್ ಡಬ್ಬಿಯ ಪದರ ಹರಿದಿದ್ದರೆ ಅಲ್ಲಿಂದಲೂ ಗಾಳಿ ಸೋರಿ ಐಡ್ಲಿಂಗ್ ಕೆಡಬಹುದು.

6.6 ಥರ್ಮೋಸ್ಟಾಟ್: ಎಂಜಿನ್ ಕಾಯುತ್ತದೆಯೆಂಬ ಭಯದಿಂದ ಥರ್ಮೋಸ್ಟಾಟ್ ತೆಗೆದುಹಾಕುವ ರೂಢಿ ನಮ್ಮಲ್ಲಿದೆ. ಇದರಿಂದ ಎಂಜಿನ್ ಬಿಸಿಯಾಗಲು ಬಹಳ ಸಮಯ ಹಿಡಿದು, ಐದು ನಿಮಿಷದ ತಡವರಿಕೆ ಅರ್ಧ ದಾರಿಯವರೆಗೂ ಉಳಿಯುತ್ತದೆ. ಥರ್ಮೋಸ್ಟಾಟ್ ಇರುವ ವಾಹನದಲ್ಲಿ ರೇಡಿಯೇಟರ್‌ನ ಮೇಲಿನ ಕೊಳವೆ ಮೊದಲು ತಣ್ಣಗಿದ್ದು, ಎಂಜಿನ್ ಕಾದ ನಂತರವೇ ಬಿಸಿಯಾಗುತ್ತದೆ. ಮೊದಲಿನಿಂದಲೂ ನಿಧಾನವಾಗಿ ಬೆಚ್ಚಗಾಗುತ್ತಾ ಹೋದರೆ ಥರ್ಮೋಸ್ಟಾಟ್ ಇಲ್ಲ, ಅಥವಾ ತೆರೆದುಕೊಂಡೇ ಉಳಿದಿದೆ ಎಂದರ್ಥ. ಕೆಲವು ವಾಹನಗಳ ಏರ್ ಕ್ಲೀನರ್‌ನಲ್ಲಿ ಬೇಸಿಗೆ ಮತ್ತು ಚಳಿಗಾಲಕ್ಕೆ ಬೇರೆ ಬೇರೆ ಸ್ಥಾನಗಳಿವೆ. ಚಳಿಗಾಲದಲ್ಲಿ ಅದನ್ನು ಬಿಸಿಗಾಳಿಯ ಸ್ಥಾನಕ್ಕೆ ತಿರುಗಿಸಬೇಕು.

6.7 ಮೇಲ್ಕಂಡ ಎಲ್ಲವೂ ಸರಿಯಿದ್ದು ತಡವರಿಕೆ ಮುಂದುವರಿದಲ್ಲಿ, ಟ್ಯಾಪೆಟ್ ಅಂತರ ಹಾಗೂ ಪ್ರತಿ ಸಿಲಿಂಡರ್‌ನ ಕಂಪ್ರೆಷನ್ ಪರೀಕ್ಷೆ ಮಾಡಿಸತಕ್ಕದ್ದು.

7. ಹೊಗೆ ತಪಾಸಣೆ ಮತ್ತು ಈ ದೋಷದ ಸಂಬಂಧ

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 115ರ ಅನ್ವಯ, ಭಾರತ್ ಸ್ಟೇಜ್-2 ಪೂರ್ವದ ಮಾನದಂಡದಂತೆ ತಯಾರಾದ ನಾಲ್ಕು ಚಕ್ರದ ಪೆಟ್ರೋಲ್ ವಾಹನಗಳು ಐಡ್ಲಿಂಗ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ. 3.0 ಹಾಗೂ ಹೈಡ್ರೋಕಾರ್ಬನ್ 1,500 ಪಿ.ಪಿ.ಎಂ. ಮೀರುವಂತಿಲ್ಲ.

ಈ ಎರಡು ಅಂಕಿಗಳನ್ನು ಓದಲು ತಿಳಿದಲ್ಲಿ ತಪಾಸಣೆಯ ಚೀಟಿಯೇ ದೋಷಪತ್ತೆಗೆ ನೆರವಾಗುತ್ತದೆ. ಕಾರ್ಬನ್ ಮಾನಾಕ್ಸೈಡ್ ಮಾತ್ರ ಹೆಚ್ಚಿದ್ದರೆ ಪೆಟ್ರೋಲ್ ಹೆಚ್ಚಾಗಿದೆ, ಅಂದರೆ ಚೋಕ್, ಫ್ಲೋಟ್ ಅಥವಾ ಮಿಶ್ರಣದ ಸ್ಕ್ರೂ ಕಡೆ ನೋಡಬೇಕು. ಕಾರ್ಬನ್ ಮಾನಾಕ್ಸೈಡ್ ಕಡಿಮೆಯಿದ್ದು ಹೈಡ್ರೋಕಾರ್ಬನ್ ಹೆಚ್ಚಿದ್ದರೆ ಇಂಧನ ಉರಿಯದೆ ಹೊರಬರುತ್ತಿದೆ, ಅಂದರೆ ಗಾಳಿ ಸೋರಿಕೆ ಅಥವಾ ಪ್ಲಗ್ ಮಿಸ್ ಆಗುವುದನ್ನು ನೋಡಬೇಕು. ಆದುದರಿಂದ ಅನುತ್ತೀರ್ಣವಾದ ಚೀಟಿಯನ್ನು ಎಸೆಯದೆ ಮೆಕ್ಯಾನಿಕ್‌ಗೆ ತೋರಿಸತಕ್ಕದ್ದು.

ತಡವರಿಕೆಯನ್ನು ಮರೆಮಾಡಲು ಮಿಶ್ರಣದ ಸ್ಕ್ರೂ ತಿರುಗಿಸಿ ಪೆಟ್ರೋಲ್ ಹೆಚ್ಚಿಸಿದ ವಾಹನದಲ್ಲಿ ಕಾರ್ಬನ್ ಮಾನಾಕ್ಸೈಡ್ ಸುಲಭವಾಗಿ ಮಿತಿ ಮೀರುತ್ತದೆ. ಹೆಚ್ಚುವರಿ ಪೆಟ್ರೋಲ್ ಸಿಲಿಂಡರ್ ಗೋಡೆಯ ಎಣ್ಣೆಯನ್ನು ತೊಳೆದು ಎಂಜಿನ್ನಿನ ಆಯಸ್ಸನ್ನೂ ಕಡಿಮೆ ಮಾಡುತ್ತದೆ. ಪ್ರತಿದಿನದ ಪೆಟ್ರೋಲ್ ಖರ್ಚು ಬೇರೆ. ರಿಪೇರಿಗೆ ಉಳಿಸಿದ ಹಣಕ್ಕಿಂತ ಈ ನಷ್ಟವೇ ಹೆಚ್ಚಾಗುತ್ತದೆ.

ತಪಾಸಣೆಗೆ ಹೋಗುವ ಮುನ್ನ ವಾಹನವನ್ನು ಕೆಲವು ಕಿಲೋಮೀಟರ್ ಓಡಿಸಿ ಎಂಜಿನ್ ಚೆನ್ನಾಗಿ ಬಿಸಿಯಾಗುವಂತೆ ಮಾಡಿ, ಚೋಕ್ ಪೂರ್ತಿ ಒಳಗಿರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಇಂತಹ ಹಳೆಯ ವಾಹನಗಳ ಪ್ರಮಾಣಪತ್ರವು 6 ತಿಂಗಳವರೆಗೆ ಮಾತ್ರ ಊರ್ಜಿತವಾಗಿರುತ್ತದೆ.

8. ನವೀಕರಣಕ್ಕೆ ಅರ್ಜಿ ಸಲ್ಲಿಸುವವರ ಗಮನಕ್ಕೆ

(1) ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 41ರ ಅನ್ವಯ ಸಾರಿಗೆಯೇತರ ವಾಹನದ ನೋಂದಣಿಯು 15 ವರ್ಷಗಳವರೆಗೆ ಊರ್ಜಿತವಾಗಿದ್ದು, ನಂತರ ಪ್ರತಿ ಬಾರಿ 5 ವರ್ಷಗಳಿಗೆ ನವೀಕರಿಸಬಹುದು. ಅರ್ಜಿಯನ್ನು ನಮೂನೆ 25ರಲ್ಲಿ, ಅವಧಿ ಮುಗಿಯುವ ದಿನಕ್ಕೆ 60 ದಿನಗಳೊಳಗಾಗಿ ಮುಂಚಿತವಾಗಿ ಸಲ್ಲಿಸಬಹುದು.

(2) ಈ 60 ದಿನಗಳ ಆರಂಭದಲ್ಲಿಯೇ ಮೇಲ್ಕಂಡ ತಪಾಸಣೆಗಳನ್ನು ಮುಗಿಸಿಕೊಂಡಲ್ಲಿ, ಬಿಡಿಭಾಗ ತರಿಸಲು ಹಾಗೂ ಮರುತಪಾಸಣೆಗೆ ಸಾಕಷ್ಟು ಸಮಯ ದೊರೆಯುತ್ತದೆ. ಕೊನೆಯ ವಾರದಲ್ಲಿ ಕಾರ್ಬ್ಯುರೇಟರ್ ಬಿಚ್ಚುವುದನ್ನು ತಪ್ಪಿಸತಕ್ಕದ್ದು.

(3) 8 ವರ್ಷ ಮೀರಿದ ಸಾರಿಗೆ ವಾಹನಗಳಿಗೆ ಅರ್ಹತಾ ಪತ್ರವನ್ನು ಪ್ರತಿ ವರ್ಷ ನವೀಕರಿಸತಕ್ಕದ್ದು.

(4) ಕಾರ್ಬ್ಯುರೇಟರ್ ರಿಪೇರಿ, ಅದೇ ಮಾದರಿಯ ಬಿಡಿಭಾಗಗಳ ಬದಲಾವಣೆಗೆ ಅನುಮತಿ ಬೇಕಾಗಿಲ್ಲ. ಆದರೆ ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಅಳವಡಿಸುವುದು, ಎಲ್.ಪಿ.ಜಿ. ಅಥವಾ ಸಿ.ಎನ್.ಜಿ. ಕಿಟ್ ಹಾಕಿಸುವುದು ಮುಂತಾದ ಬದಲಾವಣೆಗಳು ಪ್ರಕರಣ 52ರ ವ್ಯಾಪ್ತಿಗೆ ಬರುತ್ತವೆ. ಇವುಗಳನ್ನು ಕೈಗೊಳ್ಳುವ ಮುನ್ನ ನೋಂದಣಿ ಪ್ರಾಧಿಕಾರವನ್ನು ಸಂಪರ್ಕಿಸತಕ್ಕದ್ದು. ನೋಂದಣಿ ಪ್ರಮಾಣಪತ್ರದ ವಿವರಕ್ಕೂ ವಾಹನಕ್ಕೂ ತಾಳೆಯಾಗದಿದ್ದಲ್ಲಿ ನವೀಕರಣಕ್ಕೆ ತೊಡಕಾಗುತ್ತದೆ.

9. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಪ್ರತಿದಿನ ಬೆಳಿಗ್ಗೆ ಹತ್ತು ನಿಮಿಷ ಚಾಲೂ ಇಟ್ಟರೆ ಸಾಲದೇ?
ಉತ್ತರ: ಬೇಕಾಗಿಲ್ಲ. ಸುಸ್ಥಿತಿಯ ವಾಹನವನ್ನು ಒಂದೆರಡು ನಿಮಿಷದ ನಂತರ ನಿಧಾನವಾಗಿ ಓಡಿಸುತ್ತಾ, ಚೋಕನ್ನು ಹಂತಹಂತವಾಗಿ ಒಳಗೆ ತಳ್ಳುತ್ತಾ ಬಿಸಿ ಮಾಡುವುದೇ ಸರಿ. ಹತ್ತು ನಿಮಿಷ ಕಾಯದೆ ಹೊರಡಲಾಗದ ಸ್ಥಿತಿ ಇದ್ದಲ್ಲಿ ಅದು ದೋಷದ ಲಕ್ಷಣವಾಗಿದೆ.

ಪ್ರಶ್ನೆ: ಎಥನಾಲ್ ಮಿಶ್ರಿತ ಪೆಟ್ರೋಲಿಗಾಗಿ ದೊಡ್ಡ ಜೆಟ್ ಹಾಕಿಸಬಹುದೇ?
ಉತ್ತರ: ಚೋಕ್, ಪಂಪ್ ಹಾಗೂ ಗಾಳಿ ಸೋರಿಕೆಯನ್ನು ಸರಿಪಡಿಸಿದ ನಂತರವೂ ಮಿಶ್ರಣ ತೆಳುವಾಗಿಯೇ ಇದ್ದಲ್ಲಿ ಮಾತ್ರ, ಅನುಭವವುಳ್ಳ ಮೆಕ್ಯಾನಿಕ್‌ನಿಂದ, ಹೊಗೆ ಅಳೆಯುವ ಯಂತ್ರದ ನೆರವಿನಿಂದ ಹೊಂದಿಸಬಹುದು.

ಪ್ರಶ್ನೆ: ಗ್ಯಾರೇಜಿಗೆ ಹೋದಾಗ ದೋಷ ಕಾಣಿಸುವುದಿಲ್ಲ. ಏನು ಮಾಡಬೇಕು?
ಉತ್ತರ: ವಾಹನವನ್ನು ಹಿಂದಿನ ಸಂಜೆಯೇ ಗ್ಯಾರೇಜಿನಲ್ಲಿ ಬಿಟ್ಟು, ಬೆಳಿಗ್ಗೆ ಮೊದಲ ಬಾರಿ ಚಾಲೂ ಮಾಡುವಾಗ ಮೆಕ್ಯಾನಿಕ್ ಎದುರಿಗಿರುವಂತೆ ಕೋರುವುದು ಸೂಕ್ತ. ಬರೆದಿಟ್ಟ ಲಕ್ಷಣಗಳ ಟಿಪ್ಪಣಿಯನ್ನೂ ಕೊಡತಕ್ಕದ್ದು.

ಪ್ರಶ್ನೆ: ದುರಸ್ತಿ ಆಗುವವರೆಗೆ ವಾಹನ ಬಳಸಬಹುದೇ?
ಉತ್ತರ: ಬ್ರೇಕ್ ಪೆಡಲ್ ಗಟ್ಟಿಯಾಗಿದ್ದಲ್ಲಿ ಅಥವಾ ಪೆಟ್ರೋಲ್ ಸೋರುತ್ತಿದ್ದಲ್ಲಿ ಬಳಸಬಾರದು. ಇತರ ಸಂದರ್ಭಗಳಲ್ಲಿ ಎಂಜಿನ್ ಪೂರ್ತಿ ಬಿಸಿಯಾದ ನಂತರವೇ ಹೆದ್ದಾರಿ ಅಥವಾ ಘಾಟಿ ರಸ್ತೆಗೆ ಇಳಿಯತಕ್ಕದ್ದು. ಏರುದಾರಿಯಲ್ಲಿ ಎಂಜಿನ್ ನಿಂತುಹೋದಲ್ಲಿ, ಬೂಸ್ಟರ್ ಇರುವ ವಾಹನಗಳಲ್ಲಿ ಒಂದೆರಡು ಬಾರಿ ಬ್ರೇಕ್ ತುಳಿದ ನಂತರ ಅದರ ನೆರವು ತೀರುತ್ತದೆ. ಆದುದರಿಂದ ಪೆಡಲನ್ನು ಬಿಟ್ಟು ಬಿಟ್ಟು ತುಳಿಯದೆ, ಒಮ್ಮೆಲೇ ಗಟ್ಟಿಯಾಗಿ ಒತ್ತಿಹಿಡಿದು ಹ್ಯಾಂಡ್ ಬ್ರೇಕ್ ಎಳೆಯತಕ್ಕದ್ದು.

10. ಸೂಚನೆ

ಈ ಪುಟದಲ್ಲಿನ ವಿವರಗಳು ಸಾಮಾನ್ಯ ಮಾರ್ಗದರ್ಶನಕ್ಕಾಗಿ ಮಾತ್ರ. ಅಳತೆಗಳ ಬಗ್ಗೆ ವಾಹನ ತಯಾರಕರ ಕೈಪಿಡಿಯೇ ಅಂತಿಮವಾಗಿರುತ್ತದೆ. ನವೀಕರಣದ ಶುಲ್ಕ ಮತ್ತು ತೆರಿಗೆಯು ಅರ್ಜಿ ಸಲ್ಲಿಸುವ ದಿನದಂದು ಜಾರಿಯಲ್ಲಿರುವ ದರದಂತೆ ಅನ್ವಯಿಸುತ್ತದೆ. ಹೆಚ್ಚಿನ ಮಾಹಿತಿಗೆ ತಮ್ಮ ವ್ಯಾಪ್ತಿಯ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು. ವಾಹನವನ್ನು ಸುಸ್ಥಿತಿಯಲ್ಲಿಟ್ಟುಕೊಂಡು ತಮ್ಮ ಹಾಗೂ ರಸ್ತೆಯನ್ನು ಬಳಸುವ ಇತರರ ಸುರಕ್ಷತೆಗೆ ಸಹಕರಿಸಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.